ಇಪ್ಪತ್ತೊಂದು ದಿನ ಉಪ್ಪಿಲ್ಲದೆ

೧೧ ಫೆಬ್ರವರಿ ೨೦೦೦, ಶುಕ್ರವಾರ
ಖಾನಾಪುರ

ಈ ಡೈರಿ ವಿಮೆ ಏಜೆಂಟ ನನ್ನ ಗಂಡನಿಗೆ ಕೊಟ್ಟದ್ದು. ಕಂಡಕ್ಟರ್ ಯಲ್ಲೇಶ ಸಾಹೇಬರಿಗೆ ಟಿಕೆಟ್ ಹರಿಯುವ ಕೈ ಇದೆ, ಬರೆಯುವ ಕೈ ಇಲ್ಲ. ಹಾಗಾಗಿ ನನ್ನ ಪಾಲಿಗೆ ಬಂತು. ಅಂಗನವಾಡಿಯಲ್ಲಿ ದಿನಾ ಊರ ಮಂದಿಯ ವಿಷಯ ಬರೆದು ಬರೆದು ಸಾಕಾಗಿದೆ. ಯಾರ ಮಗು ಎಷ್ಟು ತೂಗಿತು, ಯಾರು ಬಸುರಿ, ಯಾರು ಬಾಣಂತಿ. ನನ್ನ ವಿಷಯ ಬರೆಯಲಿಕ್ಕೂ ಒಂದು ಪುಸ್ತಕ ಇರಲಿ.

ಇವತ್ತು ನಂದಗಡದಿಂದ ಭರಮವ್ವ ಬಂದಿದ್ದಳು, ನಮ್ಮ ಅತ್ತೆ ಸಾವಂತ್ರವ್ವನ ಅಕ್ಕ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನನಗೆ ಕೇಳಲಿ ಎಂದೇ ಜೋರಾಗಿ ಅಂದಳು: "ಒಂಬತ್ತ ವರ್ಷ ಆತಲ್ಲ ಸಾವಂತ್ರಿ, ಇನ್ನ ಎಷ್ಟ ದಿನ ದಾರಿ ನೋಡ್ತಿ? ನಮ್ಮ ಮೈದುನನ ಮಗಳು ರೂಪಾಲಿ ಅದಾಳ. ಇಕಿನ್ನೇನ ಬಿಡೂದ ಬ್ಯಾಡ. ಇಬ್ರೂ ಕೂಡೇ ಇರ್ತಾರ."

ಅತ್ತೆ ಬೈದು ಬಾಯಿ ಮುಚ್ಚಿಸುತ್ತಾಳೆ ಎಂದು ಕಾದೆ. "ನೋಡೂಣು" ಅಂದಳು, ಅಷ್ಟೇ. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಹೊತ್ತಲಿ ಎಂದು ಬಿಟ್ಟೆ.

ಎರಡು ತಿಂಗಳಿಂದ ಮೈಯಲ್ಲಿ ಕಸುವಿಲ್ಲ. ನೀರಿನ ಕೊಡ ಎತ್ತಿದರೆ ಕಣ್ಣು ಮಂಜಾಗುತ್ತದೆ. ಇಂಥ ಮಾತು ಕೇಳಿಕೊಂಡು ಬದುಕುವವಳಿಗೆ ಕಸುವು ಎಲ್ಲಿಂದ ಬರಬೇಕು?

೨೪ ಫೆಬ್ರವರಿ, ಗುರುವಾರ

ಮುಟ್ಟಿನ ದಿನ ದಾಟಿ ಹನ್ನೆರಡು ದಿನ ಮೇಲಾಯಿತು. ಹಿಂದೆ ನಾಲ್ಕೈದು ದಿನ ತಪ್ಪಿದ್ದುಂಟು, ಹನ್ನೆರಡು ಎಂದೂ ಇಲ್ಲ.

ಅಂಗನವಾಡಿಯಲ್ಲಿ ಉಪ್ಪಿಟ್ಟು ಬಡಿಸುವಾಗಲೇ ಹೊರಗೆ ಓಡಿ ಹೋಗಿ ವಾಂತಿ ಮಾಡಿಕೊಂಡೆ. ನಮ್ಮ ಸಹಾಯಕಿ ಸಂಗವ್ವ ಬೆನ್ನು ಸವರಿದಳು. "ಅಕ್ಕಾರ, ಬಾಯಿಗೆ ಏನ ಬೇಕ ಅನಸ್ತೈತ್ರಿ?" ಅಂತ ಕಿವಿಯಲ್ಲಿ ಕೇಳಿದಳು. ಉಪ್ಪು ಅಂದೆ. ಅವಳ ಮುಖ ಅರಳಿತು. ನನ್ನದೂ ಅರಳಿರಬೇಕು.

ಖರೇ ಹೇಳಬೇಕೆಂದರೆ ಉಪ್ಪಿನ ಆಸೆ ಇಂದಿನದಲ್ಲ. ಸಂಕ್ರಾಂತಿಯಿಂದ ಕದ್ದು ಕದ್ದು ಹರಳುಪ್ಪು ಚೀಪುತ್ತಿದ್ದೇನೆ. ಇವತ್ತು ಸಿಕ್ಕಿಬಿದ್ದೆ. ಉಪ್ಪಿನಕಾಯಿ ಭರಣಿಯ ರಸವನ್ನು ಬಟ್ಟಲಿಗೆ ಬಗ್ಗಿಸಿ ಕುಡಿಯುವಾಗ ಅತ್ತೆ ಹಿಂದೆ ನಿಂತಿದ್ದಳು. ಬೈಗುಳ ಬಂತು ಅಂದುಕೊಂಡೆ. ಅವಳು ನನ್ನ ಮುಖ ನೋಡಿದಳು, ಬಟ್ಟಲು ನೋಡಿದಳು, ಸವುಟು ತಗೊಂಡು ಬಟ್ಟಲು ತುಂಬಿಸಿದಳು.

"ಕುಡಿ" ಅಂದಳು. "ಎಷ್ಟ ದಿನ ಆತು?"

ನಾನು ಹೇಳಿದೆ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

೯ ಮಾರ್ಚ್, ಗುರುವಾರ

ನನ್ನ ಬಯಕೆ ತೀರಿಸಲು ಇಡೀ ಮನೆ ನಿಂತಿದೆ. ಇವರಿಗೆ ಕಣಕುಂಬಿ ವಸ್ತಿ ಬಸ್ಸಿನ ಡ್ಯೂಟಿ. ಸಂಜೆ ಹೋಗಿ ಅಲ್ಲೇ ಮಲಗಿ ಮುಂಜಾನೆ ಬರುತ್ತಾರೆ. ಬರುವಾಗ ಗೋವಾ ಕಡೆಯ ಒಣ ಬಾಂಗಡೆ ಮೀನು, ಉಪ್ಪು ಹಾಕಿದ ಮುರುಗಲ ಹುಳಿಹಣ್ಣಿನ ಸಿಪ್ಪೆ ತರುತ್ತಾರೆ. ಬಸ್ಸಿನವರೆಲ್ಲ ಮೂಗು ಮುಚ್ಚಿಕೊಂಡು ಕೂತಿದ್ದರಂತೆ. ಉಪ್ಪು ತಿಂದ ದಿನ ನಾಲ್ಕು ಹೆಜ್ಜೆ ಹೆಚ್ಚಿಗೆ ನಡೆಯುತ್ತೇನೆ.

ಭರಮವ್ವ ಮತ್ತೆ ಬಂದಿದ್ದಳು. ಈ ಸಲ ರೂಪಾಲಿಯ ಹೆಸರಿಲ್ಲ. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ಮಾರಿ ಎಷ್ಟ ಕರ್ರಗಾಗೈತಿ ನೋಡ ಸಾವಂತ್ರಿ. ಗಂಡ ಐತಿ, ಬರದ ಇಟ್ಕೋ" ಅಂದಳು. ಮುಖ ಮಾತ್ರವಲ್ಲ, ಅಂಗೈಯ ಗೆರೆಗಳು ಮಸಿ ಹಚ್ಚಿದಂತೆ ಆಗಿವೆ. ವಸಡೂ ಕಪ್ಪಗಾಗಿದೆ. ಗಂಡೇ ಇರಲಿ, ಹೆಣ್ಣೇ ಇರಲಿ, ಇರಲಿ.

ಅತ್ತೆಗೆ ಈಗ ನಾನು ನೆಲದ ಮೇಲೆ ಕೂಡಬಾರದು, ಬಾವಿಗೆ ಹೋಗಬಾರದು. ಒಂಬತ್ತು ವರ್ಷ ನಾನೂ ಇದೇ ಮನೆಯಲ್ಲಿದ್ದೆ. ಪ್ರೀತಿ ನನ್ನ ಮೇಲಲ್ಲ, ಹೊಟ್ಟೆಯ ಮೇಲೆ. ಅಷ್ಟು ತಿಳಿಯದಷ್ಟು ದಡ್ಡಿ ನಾನಲ್ಲ.

೧೭ ಮಾರ್ಚ್, ಶುಕ್ರವಾರ

ನರ್ಸ್ ಕಾಂತಾ ಸಿಸ್ಟರ್ ಲಸಿಕೆ ಹಾಕಲು ಬಂದವಳು ಬಿಡಲೇ ಇಲ್ಲ. "ಪ್ರಮಿಳಾ, ಊರ ಬಸರಿಯರನ್ನೆಲ್ಲಾ ನನ್ನ ಮುಂದ ನಿಂದರಸ್ತಿ, ನೀ ಯಾವಾಗ ನಿಂದರ್ತಿ? ಮೂತ್ರ ಪರೀಕ್ಷೆ ಮಾಡೂಣು ಬಾ. ಬಿಪಿ ನೋಡ್ತೇನಿ." ಬೆಳಗಾವಿಯ ಡಾಕ್ಟರಿಗೆ ತೋರಿಸಿದ್ದೇನೆ ಎಂದು ಸುಳ್ಳು ಹೇಳಿದೆ. ಯಾವ ಡಾಕ್ಟರ್ ಅಂದಳು. ಹೆಸರು ನೆನಪಿಲ್ಲ ಅಂದೆ.

ಮೂರು ತಿಂಗಳು ತುಂಬದೆ ಹೊರಗಿನವರಿಗೆ ತೋರಿಸಬಾರದು ಎಂದು ಅತ್ತೆ ಹೇಳಿದ್ದಾಳೆ. ಆ ಮಾತು ನನಗೂ ಅನುಕೂಲವಾಗಿದೆ.

ಎಲ್ಲರೂ ಹೋದ ಮೇಲೆ ಗರ್ಭಿಣಿಯರ ರಿಜಿಸ್ಟರ್ ತೆಗೆದು ಕೊನೆಯ ಸಾಲಿನಲ್ಲಿ ನನ್ನ ಹೆಸರು ಬರೆದೆ. ಪೆನ್ಸಿಲಿನಲ್ಲಿ.

೩ ಏಪ್ರಿಲ್, ಸೋಮವಾರ

ಮೊನ್ನೆ ಹಬ್ಬದ ಸಂತೆಯ ನೆವ ಹೇಳಿ ಒಬ್ಬಳೇ ಬೆಳಗಾವಿಗೆ ಹೋಗಿದ್ದೆ. ಖಾನಾಪುರದ ಮೆಡಿಕಲ್ ಅಂಗಡಿಯವರೆಲ್ಲ ಇವರ ಬಸ್ಸಿನ ಗಿರಾಕಿಗಳೇ. ಅಲ್ಲಿ ಬಸಿರು ಪರೀಕ್ಷೆಯ ಕಾರ್ಡು ಕೊಳ್ಳುವುದೂ ಡಂಗುರ ಸಾರುವುದೂ ಒಂದೇ. ಸ್ಟೇಷನ್ನಿನ ತೂಕದ ಯಂತ್ರಕ್ಕೆ ಒಂದು ರೂಪಾಯಿ ಹಾಕಿ ನಿಂತೆ. ನಲವತ್ತೆರಡು. ದೀಪಾವಳಿಗೆ ಐವತ್ತೊಂದಿದ್ದೆ. ಆ ಯಂತ್ರಕ್ಕೆ ಎಷ್ಟು ವರ್ಷವಾಗಿದೆಯೋ, ಕೆಟ್ಟಿರಬೇಕು.

ಇವತ್ತು ಬೆಳಗ್ಗೆ ಬಚ್ಚಲಲ್ಲಿ ಕಾರ್ಡಿನ ಮೇಲೆ ಮೂರು ಹನಿ ಹಾಕಿದೆ. ಎರಡು ಗೆರೆ ಬಂದರೆ ಇದೆ, ಒಂದೇ ಬಂದರೆ ಇಲ್ಲ. ಐದು ನಿಮಿಷ ಕಾಯಬೇಕು ಎಂದು ಚೀಟಿಯಲ್ಲಿ ಬರೆದಿತ್ತು. ಒಂದು ಗೆರೆ ಬಂತು. ನಾನು ಎರಡು ನಿಮಿಷ ಕಾದಿರಬಹುದು. ಅಷ್ಟರಲ್ಲಿ ಅತ್ತೆ ಕರೆದಳು, ಕಾರ್ಡನ್ನು ಒಲೆಗೆ ಹಾಕಿದೆ.

ಐದು ನಿಮಿಷ ಕಾದಿದ್ದರೆ ಎರಡನೆಯದೂ ಬರುತ್ತಿತ್ತು. ಅವಸರ ಮಾಡಿದ್ದು ನನ್ನದೇ ತಪ್ಪು.

೫ ಏಪ್ರಿಲ್, ಬುಧವಾರ

ಯುಗಾದಿ. ಬೇವಿನ ಎಲೆ ಬಾಯಿಗಿಟ್ಟು ಅತ್ತೆ ತಲೆ ಮೇಲೆ ಕೈ ಇಟ್ಟಳು. "ಬರೂ ಯುಗಾದಿಗೆ ಮೂರ ಮಂದಿ ಅಲ್ಲ, ನಾಕ ಮಂದಿ" ಅಂದಳು. ನನಗೆ ಅಳು ಬಂತು. ಎಲ್ಲರೂ ಸಂತೋಷಕ್ಕೆ ಎಂದುಕೊಂಡರು.

೨೦ ಏಪ್ರಿಲ್, ಗುರುವಾರ

ಕೂತಲ್ಲಿಂದ ಏಳುವಾಗ ಬಿದ್ದೆ. ಇವರು ಮನೆಯಲ್ಲೇ ಇದ್ದರು, ಹಿಡಿದುಕೊಂಡರು.

"ನಡಿ, ಇವತ್ತ ಬೆಳಗಾವಿಗೆ ಹೋಗೂಣು. ನಿನ್ನ ಕೈ ನೋಡಿಯೇನ? ಬಳಿ ಮೊಳಕೈತನಕ ಏರ್ತಾವು. ಬಸರಾದಾಕಿ ಹಿಂಗ ಒಣಗ್ತಾಳೇನ?"

ಬರುವುದಿಲ್ಲ ಅಂದೆ. ಮೂರು ತಿಂಗಳು ತುಂಬಲಿ ಅಂದೆ. ಆಗ ಇವರು ಒಂದು ಮಾತು ಆಡಿದರು: "ನನಗ ಕೂಸ ಬ್ಯಾಡ ಪ್ರಮಿ. ನೀ ನೆಟ್ಟಗಿದ್ರ ಸಾಕು."

ಮೈಯೆಲ್ಲ ಉರಿದು ಹೋಯಿತು. ಒಂಬತ್ತು ವರ್ಷದಲ್ಲಿ ಒಮ್ಮೆಯಾದರೂ ಈ ಮಾತನ್ನು ಭರಮವ್ವನ ಮುಂದೆ ಆಡಿದ್ದರೆ ನಾನು ಇವತ್ತು ಹೀಗೆ ಕಾರ್ಡು ಸುಡುತ್ತಾ ಕೂರುತ್ತಿದ್ದೆನೇ? ಕೈಯಲ್ಲಿದ್ದ ತಂಬಿಗೆ ಎಸೆದೆ. ಇವರು ಸುಮ್ಮನೆ ಎತ್ತಿಟ್ಟು ಡ್ಯೂಟಿಗೆ ಹೋದರು. ಜಗಳಕ್ಕೂ ಬಾರದ ಗಂಡಸು.

೯ ಮೇ, ಮಂಗಳವಾರ

ಹೊಟ್ಟೆ ಬೆನ್ನಿಗೆ ಹತ್ತಿದೆ. ಸೀರೆಯ ನಿರಿಗೆ ಹಾಕುವಾಗ ಬಾಗಿಲು ಹಾಕಿಕೊಳ್ಳುತ್ತೇನೆ. ಅತ್ತೆ ಮಾತ್ರ "ಕೆಲವರದ ತಡಾ ಕಾಣಸ್ತೈತಿ" ಎನ್ನುತ್ತಾಳೆ. ಹೇಳುವಾಗ ನನ್ನ ಕಡೆ ನೋಡುವುದಿಲ್ಲ.

ಇವತ್ತು ಒಂದು ನೇಮದ ವಿಷಯ ತೆಗೆದಳು. ಇವರಿಗಿಂತ ಮೊದಲು ಅವಳಿಗೆ ಎರಡು ಬಸಿರು ಹೋಗಿದ್ದವಂತೆ, ನನಗೆ ಗೊತ್ತೇ ಇರಲಿಲ್ಲ. ಮೂರನೆಯದು ನಿಂತಾಗ ಅವಳ ಅತ್ತೆ ಹೇಳಿ ಯಲ್ಲವ್ವನ ಹೆಸರಲ್ಲಿ ಇಪ್ಪತ್ತೊಂದು ದಿನ ಉಪ್ಪು ಬಿಡಿಸಿದಳಂತೆ. ಹುಟ್ಟಿದವನು ಉಳಿದ, ಅದಕ್ಕೇ ಯಲ್ಲೇಶ ಎಂದು ಹೆಸರು. ನಡುವೆ ಒಂದು ಹರಳು ಉಪ್ಪು ನಾಲಿಗೆಗೆ ತಾಗಿದರೂ ಕೂಸು ನಿಲ್ಲುವುದಿಲ್ಲ.

"ನೀ ಸೊರಗೀದಿ. ನಿನ್ನ ಹೆಸರಲೆ ನಾ ಹಿಡೀತೇನಿ" ಅಂದಳು.

ನಾನು ಬಿಡಲಿಲ್ಲ. ನಾನೇ ಹಿಡಿಯುತ್ತೇನೆ ಅಂದೆ. ಅವಳು ಎರಡು ಸಲ ಬೇಡ ಅಂದಳು, ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳಿ ಬಾಯಿ ಮುಚ್ಚಿಸಿದೆ. ಒಂದು ಗೆರೆಯನ್ನು ಎರಡು ಮಾಡುವುದು ಆ ತಾಯಿಗೆ ದೊಡ್ಡ ಕೆಲಸವೇ? ಆದರೆ ಬೇಡುವವಳು ನಾನಾಗಿರುವಾಗ ಉಪ್ಪು ಬಿಡುವವಳೂ ನಾನೇ ಆಗಬೇಕು.

೧೨ ಮೇ, ಶುಕ್ರವಾರ. ಒಂದನೇ ದಿನ

ಸಪ್ಪನ ಅನ್ನ, ಸಪ್ಪನ ಬೇಳೆ. ಉಪ್ಪಿನಕಾಯಿ ಭರಣಿಯನ್ನು ಅತ್ತೆ ಅಟ್ಟಕ್ಕೇರಿಸಿದಳು. ಅವಳೂ ನನ್ನ ಜೊತೆ ಸಪ್ಪನೆಯದನ್ನೇ ಉಂಡಳು. ಯಾರೂ ಹೇಳಿರಲಿಲ್ಲ.

೧೬ ಮೇ, ಮಂಗಳವಾರ. ಐದನೇ ದಿನ

ಉಂಡದ್ದೆಲ್ಲ ಹೊರಗೆ ಬರುತ್ತಿದೆ. ಕಾಲಿನ ಮೀನಖಂಡ ಗಂಟುಕಟ್ಟಿ ಹಿಡಿಯುತ್ತದೆ. ಅಂಗನವಾಡಿಗೆ ರಜೆ ಇರುವುದು ಪುಣ್ಯ. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬಂದೆ. ಬೆವರು ಒರೆಸಿದ ಸೆರಗನ್ನು ಬಾಯಿಗಿಟ್ಟುಕೊಳ್ಳುವ ಆಸೆ ಆಯಿತು. ಬೆವರೂ ಉಪ್ಪಲ್ಲವೇ. ಕೈ ಕಟ್ಟಿ ಕೂತೆ.

೧೯ ಮೇ, ಶುಕ್ರವಾರ. ಎಂಟು

ಅತ್ತೆ ಕೇಳಿದಳು, "ಉಳದ ದಿನ ನನಗ ಕೊಡ, ಕೈ ಬದಲಿ ಮಾಡೂಣು. ಯಲ್ಲವ್ವ ಒಪ್ಪತಾಳ." ಆಗದು ಅಂದೆ. ಕೂಗಿದೆ ಅಂತ ಕಾಣುತ್ತದೆ. ಅವಳು ಅಳುತ್ತಿದ್ದಳು, ಯಾಕೆ ಎಂದು ನೆನಪಾಗುತ್ತಿಲ್ಲ.

೨೧ ಮೇ. ಹತ್ತು

ಇನ್ನು ಹನ್ನೊಂದು. ಬಿಸಿಲಿದೆ, ಚಳಿ ಆಗುತ್ತಿದೆ. ಬರೆಯಲು

೨೯ ಮೇ, ಸೋಮವಾರ
ಬೆಳಗಾವಿ, ಆಸ್ಪತ್ರೆ

ಡೈರಿ ಇವರೇ ತಂದುಕೊಟ್ಟರು. ಓದಿಲ್ಲ ಅಂದರು. ಓದಿಲ್ಲ ಎಂದರೆ ಓದಿಲ್ಲ, ಅಂಥವರು.

ಏನಾಯಿತೆಂದು ಇವರ ಬಾಯಿಂದಲೇ ಕೇಳಿದೆ. ಇಪ್ಪತ್ತೆರಡರ ಬೆಳಗ್ಗೆ ನಾನು ಏಳಲಿಲ್ಲ. ಖಾನಾಪುರದ ಡಾಕ್ಟರು ನಾಡಿ ಹಿಡಿದು, ಬೇಗ ಬೆಳಗಾವಿಗೆ ಒಯ್ಯಿರಿ ಅಂದರು. ಕಣಕುಂಬಿಯಿಂದ ಇವರದೇ ಬಸ್ಸು ಬಂದಿತ್ತು. ಹಿಂದಿನ ಉದ್ದ ಸೀಟಿನಲ್ಲಿ ನನ್ನನ್ನು ಮಲಗಿಸಿದರು. ಬೆಳಗಾವಿ ಮುಟ್ಟುವವರೆಗೆ ಕಂಡಕ್ಟರ್ ಸಾಹೇಬರು ಒಮ್ಮೆಯೂ ಗಂಟೆ ಎಳೆಯಲಿಲ್ಲ. ದಾರಿಯಲ್ಲಿ ಕೈ ಮಾಡಿದವರೆಲ್ಲ ಬೈದುಕೊಂಡು ನಿಂತರು.

ಆಸ್ಪತ್ರೆಯಲ್ಲಿ ಬಿಪಿ ಸಿಗಲಿಲ್ಲ. ನರ್ಸು ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದಳು. ನನಗೆ ಅರೆಬರೆ ಎಚ್ಚರ ಬಂದು, ಏನಿದು ಎಂದು ಕೇಳಿದೆನಂತೆ. "ಸಲೈನ್ರಿ, ಉಪ್ಪಿನ ನೀರು" ಅಂದಳು ಅವಳು. ನಾನು ಸೂಜಿ ಕಿತ್ತು ಎಸೆದೆ. ಹಾಸಿಗೆ ತುಂಬ ರಕ್ತ. ಮತ್ತೆ ಚುಚ್ಚಿದರು, ಮತ್ತೆ ಕಿತ್ತೆ. ಹತ್ತು ದಿನದ ನೇಮ ಕೆಡಿಸುತ್ತೀರಿ, ಕೂಸನ್ನು ಕೊಲ್ಲುತ್ತೀರಿ ಎಂದು ಅರಚುತ್ತಿದ್ದೆನಂತೆ. ಇವರು ಏನು ಮಾಡಬೇಕೆಂದು ತಿಳಿಯದೆ ಅವ್ವನ ಮುಖ ನೋಡಿದರು.

ಅತ್ತೆ ಮುಂದೆ ಬಂದಳು. ನನ್ನ ಮಣಿಕಟ್ಟನ್ನು ಎರಡೂ ಕೈಯಿಂದ ಮಂಚಕ್ಕೆ ಒತ್ತಿ ಹಿಡಿದು ನರ್ಸಿಗೆ ಅಂದಳು: "ಹಾಕವ್ವಾ. ಕೂಸ ಹೋದ್ರ ಹೋಗ್ಲಿ. ಆ ಪಾಪ ನನ್ನ ತಲಿಮ್ಯಾಲ ಇರ್ಲಿ. ನನಗ ಇಕಿ ಬೇಕು."

ಮೂರು ಬಾಟಲಿ ಮುಗಿಯುವವರೆಗೆ ಕೈ ಬಿಡಲಿಲ್ಲವಂತೆ. ನನ್ನ ಮಣಿಕಟ್ಟಿನಲ್ಲಿ ಅವಳ ನಾಲ್ಕು ಬೆರಳಿನ ನೀಲಿ ಇನ್ನೂ ಇದೆ.

೩೧ ಮೇ, ಬುಧವಾರ

ಇಲ್ಲಿಯ ಡಾಕ್ಟರು, ಪದ್ಮಶ್ರೀ ಎಂದು ಹೆಸರು, ಮಂಚದ ಬಾಜೂಕ ಕೂತು ಎಲ್ಲ ಬಿಡಿಸಿ ಹೇಳಿದರು. ಎರಡು ಮೂತ್ರಪಿಂಡದ ತಲೆಯ ಮೇಲೆ ಒಂದೊಂದು ಸಣ್ಣ ಗ್ರಂಥಿ ಇರುತ್ತದೆ. ಅದರ ರಸ ರಕ್ತಕ್ಕೆ ಸೇರಿ ಮೈಯ ಉಪ್ಪನ್ನು ಹೋಗದಂತೆ ಹಿಡಿದಿಡುತ್ತದೆ, ಬಿಪಿ ಕಾಯುತ್ತದೆ, ಜ್ವರ ಉಪವಾಸ ಬಂದರೆ ತಾಳುವ ಶಕ್ತಿ ಕೊಡುತ್ತದೆ. ನನ್ನವು ಎರಡೂ ಒಣಗಿ ಸುಣ್ಣಗಟ್ಟಿವೆ. "ನಿಮ್ಮ ಮನ್ಯಾಗ ಯಾರಿಗರೆ ಟಿಬಿ ಇತ್ತೇನ್ರಿ?" ಎಂದು ಕೇಳಿದರು. ಅಪ್ಪನಿಗಿತ್ತು. ಹನ್ನೆರಡು ವರ್ಷದವಳಿದ್ದಾಗ ಅವನ ಮಗ್ಗುಲಲ್ಲೇ ಮಲಗುತ್ತಿದ್ದೆ. ಆಗ ಒಳಗೆ ಸೇರಿದ್ದು ಇಷ್ಟು ವರ್ಷ ಸುಮ್ಮನಿದ್ದು, ಈ ಗ್ರಂಥಿಗಳನ್ನು ಹುಡುಕಿಕೊಂಡು ತಿಂದಿದೆ.

ಉಪ್ಪಿನ ಆಸೆ, ವಾಂತಿ, ತಲೆಸುತ್ತು, ಮುಟ್ಟು ನಿಂತದ್ದು, ಎಲ್ಲ ಅದರದೇ. ಮೈ ಕಪ್ಪಾದದ್ದೂ. ತಲೆಯೊಳಗಿನ ಇನ್ನೊಂದು ಗ್ರಂಥಿ ಇವು ಸತ್ತದ್ದು ತಿಳಿಯದೆ, ಕೆಲಸ ಮಾಡಿರಿ ಎಂದು ಹೇಳಿಕಳಿಸುತ್ತಲೇ ಇರುತ್ತದಂತೆ. ಅದು ಕಳಿಸುವ ರಸ ಮಿತಿಮೀರಿದಾಗ ಚರ್ಮ ಕಪ್ಪಾಗುತ್ತದೆ. ಭರಮವ್ವ ಗಂಡುಮಗು ಅಂದ ಕಪ್ಪು ಇದು. "ನೀವು ಅಷ್ಟ ದಿನ ಉಳದದ್ದ ಉಪ್ಪಿನಕಾಯಿ, ಒಣಮೀನದ ಮ್ಯಾಲ" ಅಂದರು ಡಾಕ್ಟರು. ಇನ್ನು ಜೀವ ಇರುವವರೆಗೆ ದಿನಾ ಗುಳಿಗೆ. ಟಿಬಿಯ ಔಷಧ ಬೇರೆ. ಗುಳಿಗೆ ತಪ್ಪಿಸಿದರೆ ಮತ್ತೆ ಇದೇ ಗತಿ.

ಕೂಸು ಇರಲೇ ಇಲ್ಲ. ಅವರು ಮೆಲ್ಲಗೆ ಹೇಳಿದರು. ನಾನು ಅಳಲಿಲ್ಲ. ಅವರಿಗೆ ಆಶ್ಚರ್ಯವಾದಂತೆ ಕಂಡಿತು.

ಅತ್ತೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಒಳಗೆ ಬರದೆ ಹೊರಟು ಹೋದಳು.

೧ ಜೂನ್, ಗುರುವಾರ

ಇವರು ಇವತ್ತು ಅತ್ತರು. ಹತ್ತು ದಿನದಿಂದ ಅವ್ವ ನೆಟ್ಟಗೆ ಉಂಡಿಲ್ಲವಂತೆ. ವರಾಂಡದ ಕಂಬಕ್ಕೆ ಒರಗಿ ಕೂತು ತನ್ನ ಎರಡು ಕೈ ನೋಡಿಕೊಳ್ಳುತ್ತಾಳಂತೆ. ಸ್ಕ್ಯಾನ್ ತೋರಿಸಿದರೂ ನಂಬಿಲ್ಲ. "ನಾಕ ತಿಂಗಳದ ಕೂಸ. ಆ ಉಪ್ಪಿನ ನೀರಿನ್ಯಾಗ ಹೋತು. ನಾನ ಹಿಡಕೊಂಡ ಕೊಂದೆ. ಆಮ್ಯಾಲ ನೋಡಿದ್ರ ಡಾಕ್ಟರಿಗೆ ಎಲ್ಲಿ ಕಾಣಸಬೇಕು?" ಎನ್ನುತ್ತಾಳಂತೆ.

ನಂಬಿಸಲು ಒಂದೇ ದಾರಿ ಇದೆ, ಅದು ನನ್ನ ಬಾಯಲ್ಲಿದೆ. ಹೇಳಿದರೆ ನಾನು ಯಾವ ಮುಖ ಹೊತ್ತು ಖಾನಾಪುರದ ಮನೆಗೆ ಹೋಗಲಿ? ಭರಮವ್ವ ಊರೂರು ಹೇಳಿಕೊಂಡು ತಿರುಗುತ್ತಾಳೆ. ರೂಪಾಲಿಯನ್ನು ಕರೆತರಲು ಇದಕ್ಕಿಂತ ಒಳ್ಳೆ ಕಾರಣ ಸಿಗುವುದಿಲ್ಲ. ಹೇಳದಿದ್ದರೆ ಅವಳು ಆ ಕಂಬಕ್ಕೆ ಒರಗಿಯೇ ಸಾಯುತ್ತಾಳೆ. ಇಡೀ ದಿನ ಗೋಡೆ ನೋಡುತ್ತಾ ಮಲಗಿದೆ. ನನ್ನಷ್ಟು ಕೆಟ್ಟವಳು ಈ ವಾರ್ಡಿನಲ್ಲಿ ಇನ್ನೊಬ್ಬಳಿಲ್ಲ.

೨ ಜೂನ್, ಶುಕ್ರವಾರ

ಬೆಳಗ್ಗೆ ಇವರನ್ನು ಕಳಿಸಿ ಅತ್ತೆಯನ್ನು ಕರೆಸಿದೆ. ಬಂದು ದೂರ ನಿಂತಳು. ಹತ್ತೇ ದಿನದಲ್ಲಿ ಮುದುಕಿ ಆಗಿದ್ದಾಳೆ.

"ಅತ್ತಿ, ನೀವ ಕೊಂದಿಲ್ಲ. ಅಲ್ಲೇನೂ ಇದ್ದಿದ್ದಿಲ್ರಿ."

"ಡಾಕ್ಟರ್ ಹೇಳಿದ್ದ ಕೇಳೇನಿ."

"ಡಾಕ್ಟರ್ ಮಾತಲ್ರಿ. ನನಗ ಗೊತ್ತಿತ್ತು. ಯುಗಾದಿಗಿಂತ ಎರಡ ದಿನ ಮುಂಚೆ ಕಾರ್ಡ ತಂದ ನೋಡಿದ್ದೆ. ಒಂದ ಗೆರಿ ಬಂತು. ಇಲ್ಲ ಅಂತ ಗೊತ್ತಾತು. ಹೇಳಲಿಲ್ಲ. ಒಲಿಗೆ ಹಾಕಿದೆ."

ಅವಳು ಹತ್ತಿರ ಬಂದು ನನ್ನ ಬೆನ್ನಿಗೆ ಒಂದು ಗುದ್ದಿದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಕೈ ಎತ್ತಿದ್ದು. ಬಾಜೂಕಿನ ಮಂಚದ ಮುದುಕಿ ಎದ್ದು ಕೂತಳು.

"ನೀ ಸತ್ತಿದ್ರ ನಾ ಯಾರಿಗೆ ಅಳಬೇಕಾಗಿತ್ತ ಹೇಳ? ನಿನಗೋ, ಅದಕ್ಕೋ? ಇಲ್ಲದ್ದಕ್ಕ ಅಳಕೋತ ಕುಂದರತಿದ್ನಲ್ಲೇ ನಿನ್ನ ಹೆಣದ ಮುಂದ!"

ಅವಳು ಮಂಚದ ತುದಿಯಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ.

ಮಧ್ಯಾಹ್ನ ನರ್ಸು ಗುಳಿಗೆಯ ಚೀಟಿ ತಂದಾಗ ಅತ್ತೆ ನನ್ನ ಕೈಯಿಂದ ಕಸಿದುಕೊಂಡಳು. ಅವಳಿಗೆ ಓದು ಬರುವುದಿಲ್ಲ. ಬಿಳಿಯದು ಎಷ್ಟು ಹೊತ್ತಿಗೆ, ಕೆಂಪಿನದು ಎಷ್ಟು ಹೊತ್ತಿಗೆ ಎಂದು ನರ್ಸನ್ನು ನಾಲ್ಕು ಸಲ ಕೇಳಿ ಬಾಯಿಪಾಠ ಮಾಡಿದಳು. ಎಲ್ಲವನ್ನೂ ಸೆರಗಿನ ತುದಿಗೆ ಗಂಟು ಹಾಕಿದಳು.

"ಇನ್ನ ಇವು ನನ್ನ ಕಡೆ ಇರ್ತಾವು. ನೀ ಸುಳ್ಳಿ. ನಿನ್ನ ಮಾತ ನಾ ನಂಬೂದಿಲ್ಲ."

ಒಂದು ಬಿಳಿ ಗುಳಿಗೆ ತೆಗೆದು ಅವಳೇ ನನ್ನ ಬಾಯಿಗೆ ಹಾಕಿ ನೀರು ಕುಡಿಸಿದಳು. ನುಂಗಿದೆ ಅಂದೆ. ಬಾಯಿ ತೆಗೆ ಅಂದಳು. ತೆಗೆದೆ. ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿ ಒಳಗೆ ನೋಡಿದಳು. ನಾಲಿಗೆ ಎತ್ತು ಅಂದಳು. ಎತ್ತಿದೆ.